ದಾಖಲೆ ಸಿ-೭

ಫ್ಲೇವಿ ಬಾಯಿ ಕೇಳಿದ್ದು ಚೀಟಿ, ಬಿಲ್ಲು, ಸ್ಕ್ಯಾನು.
ಅಮ್ಮ ತಂದದ್ದು ಬೀಡಿ ಪುಸ್ತಕ.
ನೀಲಿ ರಟ್ಟು, ಜಿರಳೆ ತಿಂದ ಮೂಲೆ.
ತಂಬಾಕಿನ ಘಾಟಿಗೆ ವಕೀಲರ ಗುಮಾಸ್ತ ಸೀನಿದ.

"ಇದು ಎಂತಕ್ಕೆ ವಾರಿಜಮ್ಮ?"
"ಇದರಲ್ಲಿ ಎಲ್ಲ ಉಂಟು."

ಉಂಟು.
ಮಾರ್ಚಿಯಲ್ಲಿ ದಿನಕ್ಕೆ ಸಾವಿರ.
ರಾತ್ರಿಯ ಧಾರಾವಾಹಿ ಮುಗಿಯುವ ಮೊದಲು
ನಲವತ್ತು ಕಟ್ಟು, ಮೊರದಲ್ಲಿ ಸಾಲು ಸಾಲು.
ಮೇಯಲ್ಲಿ ಎಂಟುನೂರು.
ಆಟಿಯಲ್ಲಿ ಆರುನೂರ ಐವತ್ತು, ಅದರಲ್ಲೂ
'ಸಡಿಲ' ಎಂದು ಕೆಂಪಕ್ಷರದಲ್ಲಿ
ಬ್ರಾಂಚಿನಿಂದ ವಾಪಸು ಬಂದದ್ದು ಎರಡು ಕಟ್ಟು.
ಇಪ್ಪತ್ತೆಂಟು ವರ್ಷದಲ್ಲಿ ಅವಳ ಒಂದು ಬೀಡಿ
ವಾಪಸು ಬಂದದ್ದಿಲ್ಲ.
ಆ ದಿನ ಅವಳು ಊಟ ಮಾಡಲಿಲ್ಲ.

ಅದೇ ವಾರದ ಡಾಕ್ಟರರ ಚೀಟಿ:
ಕೈ ಜೋಮು. ಬೀಡಿ ಕೆಲಸ. ವಿಟಮಿನ್.
ಹದಿನೈದು ದಿನ ಬಿಟ್ಟು ಬನ್ನಿ.

ಬಿಟ್ಟು ಬಿಟ್ಟು ಹೋದೆವು.
ಒಳ್ಳೆಯ ಮನುಷ್ಯ, ಅದೇ ಕಷ್ಟ.
ಫೀಸಿನಲ್ಲಿ ಐವತ್ತು ರೂಪಾಯಿ ಬಿಡುತ್ತಿದ್ದರು,
"ಬೀಡಿ ಕಟ್ಟುವವರಿಗೆಲ್ಲ ಹೀಗೇ ಅಮ್ಮ" ಎಂದು ನಗುತ್ತಿದ್ದರು.
ಕುತ್ತಿಗೆ ಮುಟ್ಟಿ ನೋಡಲಿಲ್ಲ.
ಹೊಸ್ತಿಲ ಆಚೆ ಅವಳ ಒಂದು ಚಪ್ಪಲಿ
ಕಾಲಿನಿಂದ ಜಾರಿ ಉಳಿದದ್ದು,
ಅದು ಅವಳಿಗೇ ತಿಳಿಯದ್ದು,
ಅವರಿಗೂ ಕಾಣಲಿಲ್ಲ, ನನಗೂ.
ನಾನು ಬಗ್ಗಿ ಎತ್ತಿಕೊಟ್ಟೆ, ಅಷ್ಟೆ.
"ಸರಿ ನಡೆ ಮಾರಾಯ್ತಿ" ಎಂದು ಬೈದೆ ಕೂಡ.

ಹದಿನಾಲ್ಕನೇ ತಿಂಗಳು, ದೇರಳಕಟ್ಟೆಯಲ್ಲಿ,
ಇನ್ನೂ ಕಲಿಯುತ್ತಿದ್ದ ಒಂದು ಹುಡುಗಿ
ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದಳು.
ಕಾಲು ಒದೆಯಿತು, ಸ್ಟೂಲು ಉರುಳಿತು.
ಕುತ್ತಿಗೆ ಎಲುಬಿನೊಳಗೆ ಗಡ್ಡೆ, ನೆಲ್ಲಿಕಾಯಿಯಷ್ಟು.
ತೆಗೆದರು. ನರ ಮಾತ್ರ ಜಜ್ಜಿ ಹೋಗಿತ್ತು.
"ಒಂದು ವರ್ಷ ಮೊದಲು ಬಂದಿದ್ದರೆ..." ಎಂದವಳು
ಅಷ್ಟಕ್ಕೇ ನಿಲ್ಲಿಸಿ ಫೈಲು ಮುಚ್ಚಿದಳು.

ಆ ವಾಕ್ಯದ ಉಳಿದರ್ಧ ಕೇಳಲಿಕ್ಕೆ
ತೊಕ್ಕೊಟ್ಟಿನಿಂದ ಸ್ಟೇಟ್‌ಬ್ಯಾಂಕಿಗೆ
ಈಗ ಮೂರು ವರ್ಷದಿಂದ ಬಸ್ಸು ಹತ್ತುತ್ತಿದ್ದೇವೆ.

ಆಯೋಗದಲ್ಲಿ ಪುಸ್ತಕಕ್ಕೆ ನಂಬರು ಬಿತ್ತು.
ಪರಿಹಾರ ಎಂದರೆ ದುಡಿಮೆಯ ಲೆಕ್ಕ.
ನಮ್ಮವರು ಮಾರ್ಚಿಯ ಪುಟ ತೆರೆದರು, ದಿನಕ್ಕೆ ಸಾವಿರ.
ಅವರ ವಕೀಲರು ಕೊನೆಯ ಪುಟ, ನೂರ ಐವತ್ತು:
"ಈಕೆ ಕಟ್ಟುತ್ತಿದ್ದದ್ದೇ ಇಷ್ಟು, ಸ್ವಾಮಿ.
ಕಂಪೆನಿ ಎಲೆ ಕಡಿಮೆ ಕೊಟ್ಟಿರಬಹುದು."
ನಡುವಿನ ಪುಟಗಳನ್ನು ಯಾರೂ ಓದಲಿಲ್ಲ.
ಇಳಿಯುತ್ತ ಇಳಿಯುತ್ತ ಬಂದ ಅಂಕೆ,
ವಾರ ವಾರ, ತಪ್ಪದೆ,
ಏಳನೇ ಕ್ಲಾಸು ಕಲಿತ ಬ್ರಾಂಚಿನ ಐತಪ್ಪಣ್ಣ
ಕೆಂಪು ಪೆನ್ನಿನಲ್ಲಿ ಬರೆದ ಕಾಯಿಲೆ.

ಹೇಳಿಕೆಗೆ ರುಜು ಬೇಕಾಯಿತು.
ಅಮ್ಮನಿಗೆ ಬರೆಯಲಿಕ್ಕೆ ಬರುತ್ತದೆ, ಒಳ್ಳೆಯ ಅಕ್ಷರ.
ಪೆನ್ನು ಎರಡು ಸಲ ಬಿತ್ತು.
ಗುಮಾಸ್ತ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿದ.
ಹೊರಗೆ ಬಂದು ತಿರುಗಿಸಿ ನೋಡಿದಳು:
"ಹೋ, ನೀಲಿಯಾ? ಒತ್ತಿದ್ದು ಯಾವಾಗ?"

ಮುಂದಿನ ವಾಯಿದೆ ಸೋಣ ತಿಂಗಳಿಗೆ.

ವಾಪಸು ಬಸ್ಸಿನಲ್ಲಿ ಟಿಕೇಟು ತಾನೇ ಮಾಡುತ್ತೇನೆಂದು ಹಟ.
ಕಂಡಕ್ಟರು ಚಿಲ್ಲರೆ ಕೊಟ್ಟ,
ಅಂಗೈ ಮುಚ್ಚಲಿಲ್ಲ.
ನೇತ್ರಾವತಿ ಸೇತುವೆಯ ಜೋಡುಪಟ್ಟಿಗಳ ಮೇಲೆ
ಬಸ್ಸು ಕುಲುಕಿ, ನಾಣ್ಯ ಸೀಟಿನಡಿಗೆಲ್ಲ ಹರಡಿ,
ಮೀನು ಬುಟ್ಟಿಯ ಹೆಂಗಸು, ಕಾಲೇಜು ಹುಡುಗ,
ಟೊಪ್ಪಿಯ ಮುದುಕರೊಬ್ಬರು
ಬಗ್ಗಿ ಹೆಕ್ಕಿ ಹೆಕ್ಕಿ ಅವಳ ಮಡಿಲಿಗೆ ಹಾಕಿದರು.
ಅಮ್ಮ ಕಣ್ಣಲ್ಲೇ ಎಣಿಸಿದಳು, ಕಟ್ಟು ಎಣಿಸಿದ ಹಾಗೆ.

"ಒಂದು ರೂಪಾಯಿ ಕಮ್ಮಿ ಉಂಟು."

"ಇರಲಿ ಬಿಡಮ್ಮ" ಎಂದೆ.
"ಬಿಡುವುದು ಎಂತಕ್ಕೆ?" ಎಂದಳು.
ಹುಡುಗ ಮೊಬೈಲಿನ ಬೆಳಕು ಹಾಕಿ
ಮತ್ತೆ ಸೀಟಿನಡಿಗೆ ಬಗ್ಗಿದ.